ಉಡುವ ಮುನ್ನ ಓದಿ: ಕಂಗಾದ ಮೇಲಿನ ಮಾತು

ಕ್ಯೋಟೋಗೆ ಪ್ರವಾಸ ಹೋದವರು ಕಿಮೋನೋವನ್ನು ಒಂದು ದಿನಕ್ಕೆ ಬಾಡಿಗೆಗೆ ಪಡೆದು ಉಡುವುದು ನಿಮಗೆ ಗೊತ್ತಿರಬಹುದು. ಅಂಗಡಿಯವರೇ ಉಡಿಸುತ್ತಾರೆ, ಎಡಬದಿ ಬಲಬದಿಯ ಮೇಲೆ ಬರುವಂತೆ. ಅದು ತಿರುಗುಮುರುಗಾದರೆ ಶವಕ್ಕೆ ಉಡಿಸುವ ಕ್ರಮ. ಲೊರೆಶೋದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ, ಅಷ್ಟೇ ಎಚ್ಚರ ಬೇಡುವ ಬಟ್ಟೆಯೊಂದು ನೈರೋಬಿ ಪೇಟೆಯಲ್ಲೇ ಇದೆ: ಕಂಗಾ. ಕೀನ್ಯಾದವರು ಲೆಸೋ ಎಂದೂ ಕರೆಯುತ್ತಾರೆ.

ಬಿಯಾಶರಾ ಸ್ಟ್ರೀಟಿನ ಅಂಗಡಿಗಳಲ್ಲಿ ಕಂಗಾ ಜೋಡಿಯಾಗಿ ಸಿಗುತ್ತದೆ. ಒಂದನ್ನು ಸೊಂಟಕ್ಕೆ ಸುತ್ತಿ, ಇನ್ನೊಂದನ್ನು ಹೆಗಲಿಗೋ ತಲೆಗೋ ಹೊದೆಯುತ್ತಾರೆ. ಸುತ್ತಲೂ ಅಂಚು, ನಡುವೆ ಚಿತ್ತಾರ, ಅದರ ಕೆಳಗೆ ಸ್ವಾಹಿಲಿಯಲ್ಲಿ ಒಂದು ಸಾಲು. ಆ ಸಾಲಿಗೆ ‘ಜಿನಾ’ ಎನ್ನುತ್ತಾರೆ, ಅಂದರೆ ಹೆಸರು. ಅದು ಹಾರೈಕೆ ಇರಬಹುದು, ಗಾದೆ ಇರಬಹುದು, ಯಾರಿಗೋ ಇಟ್ಟ ಚುಚ್ಚುಮಾತೂ ಇರಬಹುದು. ಬಣ್ಣ ಮಾತ್ರ ನೋಡಿ ಕೊಂಡು ನೆರೆಯವರ ಮದುವೆಗೆ ಉಟ್ಟು ಹೋದರೆ, ಆ ಮಾತು ನೀವೇ ಆಡಿದಂತಾಗುತ್ತದೆ.

ಓದುವ ಕೆಲಸ ಮಕ್ಕಳಿಗೆ ಬಿಡಿ. ಶಾಲೆಯಲ್ಲಿ ಸ್ವಾಹಿಲಿ ಕಲಿಯುವ ಮಗಳು ಸಾಲನ್ನು ಓದಿ, ಅರ್ಥವನ್ನು ಅಂಗಡಿಯವರ ಹತ್ತಿರ ಕೇಳಲಿ. ಮನೆಗೆ ಬಂದು ಇಬ್ಬರೂ ಕನ್ನಡದ ಜೋಡಿ ಹುಡುಕಿ. ‘ಹಬಾ ನಾ ಹಬಾ ಹುಜಾಜಾ ಕಿಬಾಬಾ’ ಎಂದರೆ ಚೂರು ಚೂರು ಸೇರಿ ಕಿಬಾಬಾ ತುಂಬುತ್ತದೆ ಎಂದು. ಕಿಬಾಬಾ ಕಾಳಿನ ಅಳತೆ. ನಮ್ಮಲ್ಲಿ? ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.’ ಬಳ್ಳವೂ ಕಾಳಿನ ಅಳತೆಯೇ! ಬಳ್ಳ ಹೇಗಿರುತ್ತದೆ ಎಂದು ಕೇಳಿದರೆ ಊರಿನ ಅಜ್ಜಿಗೆ ಫೋನ್ ಹಚ್ಚಿಕೊಡಿ.

ಶಾಲೆಯ ಕಾರ್ಯಕ್ರಮಕ್ಕೆ ಮಗಳಿಗೆ ಕಂಗಾ ಉಡಿಸುವಿರಾದರೆ, ಮೈಮೇಲಿನ ಸಾಲನ್ನು ಅವಳು ಎರಡೂ ಭಾಷೆಯಲ್ಲಿ ಹೇಳುವಂತಿರಲಿ.