ಪಿಓಇ ಸೌಲಭ್ಯವುಳ್ಳ ಮ್ಯಾನೇಜ್ಡ್ ಈಥರ್‌ನೆಟ್ ಸ್ವಿಚ್: ಕಚೇರಿಗಳು ಹಾಗೂ ಶಾಲೆಗಳ ಮಾಹಿತಿಗಾಗಿ

1. ಪೀಠಿಕೆ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕ ಕಲ್ಪಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಈ ಯೋಜನೆಯು ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಆದರೆ ಫೈಬರ್ ತಂತಿಯು ಕಟ್ಟಡದ ಬಾಗಿಲವರೆಗೆ ಬಂದ ಮಾತ್ರಕ್ಕೆ ಸೇವೆ ದೊರೆಯುವುದಿಲ್ಲ. ಕಲಬುರಗಿ ನಗರದ ದೊಡ್ಡ ಕಚೇರಿಯಾಗಲಿ, ಶರಣಸಿರಸಗಿ ಅಥವಾ ಕಮಲಾಪುರದ ಶಾಲೆಯಾಗಲಿ, ಒಳಗಿನ ಗಣಕಯಂತ್ರ, ಕ್ಯಾಮೆರಾ ಹಾಗೂ ವೈ-ಫೈ ಉಪಕರಣಗಳಿಗೆ ಸಂಪರ್ಕವನ್ನು ಹಂಚುವ ಸಾಧನವೇ ಸ್ವಿಚ್. ಇದರ ಆಯ್ಕೆಯಲ್ಲಿ ಗಮನಿಸತಕ್ಕ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಮ್ಯಾನೇಜ್ಡ್ ಸ್ವಿಚ್ ಎಂದರೇನು?

ಸಾಮಾನ್ಯ ಸ್ವಿಚ್ ತನ್ನ ಪಾಡಿಗೆ ಮಾಹಿತಿಯನ್ನು ರವಾನಿಸುತ್ತದೆ. ಅದಕ್ಕೆ ಸೂಚನೆ ನೀಡಲು ಅವಕಾಶವಿಲ್ಲ. ಮ್ಯಾನೇಜ್ಡ್ ಸ್ವಿಚ್‌ಗೆ ಸೂಚನೆ ನೀಡಬಹುದು ಹಾಗೂ ಅದರಿಂದ ವರದಿ ಪಡೆಯಬಹುದು. ಇದರ ಮುಖ್ಯ ಸೌಲಭ್ಯಗಳು ಈ ಕೆಳಕಂಡಂತಿವೆ:

ಅ) ವಿಲ್ಯಾನ್: ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ವಿಂಗಡಿಸುವ ವ್ಯವಸ್ಥೆ. ಸಾರ್ವಜನಿಕರ ವೈ-ಫೈ, ಕ್ಯಾಮೆರಾ ಹಾಗೂ ಕಡತಗಳಿರುವ ಗಣಕಯಂತ್ರಗಳನ್ನು ಬೇರೆ ಬೇರೆ ಇರಿಸಬಹುದು.

ಆ) ಆದ್ಯತೆ: ಧ್ವನಿ ಹಾಗೂ ವೀಡಿಯೋ ಸಭೆಯ ಮಾಹಿತಿಯನ್ನು ಇತರ ಮಾಹಿತಿಗಿಂತ ಮೊದಲು ಕಳುಹಿಸುವುದು.

ಇ) ಸ್ಪ್ಯಾನಿಂಗ್ ಟ್ರೀ: ಒಂದೇ ತಂತಿಯ ಎರಡೂ ತುದಿಗಳನ್ನು ತಪ್ಪಾಗಿ ಜಾಲಕ್ಕೆ ಜೋಡಿಸಿದರೆ ಮಾಹಿತಿಯು ಸುತ್ತುತ್ತಲೇ ಇದ್ದು ಇಡೀ ಜಾಲ ಸ್ಥಗಿತಗೊಳ್ಳುತ್ತದೆ. ಇದನ್ನು ಗುರುತಿಸಿ ತಡೆಯುವ ಕ್ರಮವಿದು.

ಈ) ಪೋರ್ಟ್ ಭದ್ರತೆ: ಅನುಮತಿಯಿಲ್ಲದ ಉಪಕರಣವನ್ನು ಜೋಡಿಸಿದಲ್ಲಿ ಆ ಪೋರ್ಟನ್ನು ಮುಚ್ಚುವುದು.

ಉ) ದೂರ ನಿರ್ವಹಣೆ: ಯಾವ ಪೋರ್ಟ್ ಕೆಲಸ ನಿಲ್ಲಿಸಿದೆ ಎಂಬುದನ್ನು ಜಿಲ್ಲಾ ಕೇಂದ್ರದಿಂದಲೇ ತಿಳಿಯಬಹುದು. ಸ್ಥಗಿತಗೊಂಡ ಕ್ಯಾಮೆರಾದ ವಿದ್ಯುತ್ತನ್ನು ಅಲ್ಲಿಂದಲೇ ನಿಲ್ಲಿಸಿ ಮತ್ತೆ ನೀಡಬಹುದು. ಇದರಿಂದ ತಂತ್ರಜ್ಞರ ಪ್ರಯಾಣ ಉಳಿಯುತ್ತದೆ.

3. ಪಿಓಇ ವ್ಯವಸ್ಥೆ

ಮಾಹಿತಿ ಸಾಗುವ ತಾಮ್ರದ ತಂತಿಯಲ್ಲಿಯೇ ಉಪಕರಣಕ್ಕೆ ವಿದ್ಯುತ್ತನ್ನೂ ಒದಗಿಸುವುದಕ್ಕೆ ಪವರ್ ಓವರ್ ಈಥರ್‌ನೆಟ್, ಸಂಕ್ಷಿಪ್ತವಾಗಿ ಪಿಓಇ ಎನ್ನುವರು. ಕಂಬದ ಮೇಲಿನ ಕ್ಯಾಮೆರಾಕ್ಕೆ ಪ್ರತ್ಯೇಕ ವಿದ್ಯುತ್ ತಂತಿ ಬೇಕಾಗುವುದಿಲ್ಲ. ಸ್ವಿಚ್ ಒಂದಕ್ಕೆ ಯುಪಿಎಸ್ ಅಳವಡಿಸಿದರೆ ಅದನ್ನು ಅವಲಂಬಿಸಿದ ಎಲ್ಲ ಉಪಕರಣಗಳೂ ವಿದ್ಯುತ್ ಕಡಿತದ ವೇಳೆಯಲ್ಲಿ ನಡೆಯುತ್ತವೆ. ಐಇಇಇ ಮಾನದಂಡಗಳು ಹೀಗಿವೆ:

- 802.3ಎಎಫ್ (2003): ಪ್ರತಿ ಪೋರ್ಟಿಗೆ ಗರಿಷ್ಠ 15.4 ವ್ಯಾಟ್
- 802.3ಎಟಿ (2009): 30 ವ್ಯಾಟ್
- 802.3ಬಿಟಿ (2018): 60 ಹಾಗೂ 90 ವ್ಯಾಟ್

ತಂತಿಯಲ್ಲಿ ಸ್ವಲ್ಪ ವಿದ್ಯುತ್ ನಷ್ಟವಾಗುವುದರಿಂದ 15.4 ವ್ಯಾಟ್‌ನ ಪೈಕಿ 12.95 ವ್ಯಾಟ್ ಮಾತ್ರ ಉಪಕರಣಕ್ಕೆ ಖಾತರಿಯಾಗಿ ದೊರೆಯುತ್ತದೆ. ಮಾನದಂಡದಂತೆ ತಯಾರಾದ ಸ್ವಿಚ್ ಮೊದಲು ಅಲ್ಪ ವೋಲ್ಟೇಜ್‌ನಿಂದ ಎದುರಿನ ಉಪಕರಣವನ್ನು ಪರೀಕ್ಷಿಸಿ, ಅದು ಪಿಓಇ ಉಪಕರಣವೆಂದು ಖಚಿತವಾದ ನಂತರವೇ ಪೂರ್ಣ ವಿದ್ಯುತ್ ನೀಡುತ್ತದೆ. ಆದ್ದರಿಂದ ಸಾಮಾನ್ಯ ಗಣಕಯಂತ್ರವನ್ನು ಜೋಡಿಸಿದರೂ ಹಾನಿಯಿಲ್ಲ. ಈ ಪರೀಕ್ಷೆಯಿಲ್ಲದ 'ಪ್ಯಾಸಿವ್' ಮಾದರಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

4. ವಿದ್ಯುತ್ತಿನ ಆಯವ್ಯಯ

ಅನೇಕರು ಪೋರ್ಟ್‌ಗಳ ಸಂಖ್ಯೆಯನ್ನು ನೋಡುತ್ತಾರೆ. ಒಟ್ಟು ವ್ಯಾಟ್ ಸಾಮರ್ಥ್ಯವನ್ನು ನೋಡುವುದಿಲ್ಲ. ಉದಾಹರಣೆಗೆ, 8 ಪೋರ್ಟ್‌ಗಳಿಗೆ ತಲಾ 15.4 ವ್ಯಾಟ್‌ನಂತೆ 123.2 ವ್ಯಾಟ್ ಬೇಕು. ಆದರೆ 8 ಪೋರ್ಟ್‌ಗಳಿದ್ದೂ ಒಟ್ಟು ಸಾಮರ್ಥ್ಯ 62 ವ್ಯಾಟ್ ಮಾತ್ರವಿರುವ ಸ್ವಿಚ್‌ಗಳಿವೆ. ಇಂತಹ ಒಂದರ ಮೇಲೆ ಹಗಲಿನಲ್ಲಿ ತಲಾ 7 ವ್ಯಾಟ್ ಬಳಸುವ 5 ಕ್ಯಾಮೆರಾ ಹಾಗೂ 12 ವ್ಯಾಟ್‌ನ ಒಂದು ವೈ-ಫೈ ಉಪಕರಣವನ್ನು ಜೋಡಿಸಿದರೆ ಒಟ್ಟು 47 ವ್ಯಾಟ್ ಆಗುತ್ತದೆ. ಪರಿಶೀಲನೆಗೆ ಬಂದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ರಾತ್ರಿ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪಗಳು ಉರಿದು ಬಳಕೆಯು ತಲಾ 12 ವ್ಯಾಟ್‌ಗೆ ಏರಿದಾಗ ಮೊತ್ತ 72 ವ್ಯಾಟ್ ಆಗುತ್ತದೆ. ಆಗ ಸ್ವಿಚ್ ಕಡಿಮೆ ಆದ್ಯತೆಯ ಪೋರ್ಟ್‌ಗಳಿಗೆ ವಿದ್ಯುತ್ ನಿಲ್ಲಿಸುತ್ತದೆ. ಅಂದರೆ, ಯಾವ ಹೊತ್ತಿಗಾಗಿ ಕ್ಯಾಮೆರಾ ಅಳವಡಿಸಲಾಯಿತೋ ಆ ಹೊತ್ತಿನಲ್ಲಿಯೇ ಅದು ಆರಿಹೋಗುತ್ತದೆ. ಆದಾಯವನ್ನು ಅರಿಯದೆ ವೆಚ್ಚ ಮಂಜೂರು ಮಾಡಿದಂತೆಯೇ ಇದು. ಗರಿಷ್ಠ ಬಳಕೆಯ ಮೊತ್ತಕ್ಕೆ ಸ್ವಲ್ಪ ಮೀಸಲು ಸೇರಿಸಿ ಸಾಮರ್ಥ್ಯವನ್ನು ನಿಗದಿಪಡಿಸುವುದು ಸೂಕ್ತ.

5. ಖರೀದಿ ಹಾಗೂ ಅಳವಡಿಕೆಯಲ್ಲಿ ಗಮನಿಸತಕ್ಕದ್ದು

- ಟೆಂಡರ್ ನಿರ್ದಿಷ್ಟತೆಯಲ್ಲಿ ಪೋರ್ಟ್ ಸಂಖ್ಯೆ, ಪಿಓಇ ಮಾನದಂಡ ಹಾಗೂ ಒಟ್ಟು ವ್ಯಾಟ್, ಈ ಮೂರನ್ನೂ ನಮೂದಿಸುವುದು. ಕನಿಷ್ಠ ದರದ ಹೋಲಿಕೆ ನಡೆಯುವುದು ನಿರ್ದಿಷ್ಟತೆಯನ್ನು ಪೂರೈಸಿದ ವಸ್ತುಗಳ ನಡುವೆ. ಬರೆಯದೆ ಬಿಟ್ಟದ್ದನ್ನು ನಂತರ ಕೇಳಲಾಗದು.
- ಬೇಸಿಗೆಯಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಆದುದರಿಂದ ಕಾರ್ಯನಿರ್ವಹಣೆಯ ಉಷ್ಣಾಂಶ ಮಿತಿಯನ್ನು ಪರಿಶೀಲಿಸುವುದು.
- ತಾಮ್ರದ ತಂತಿಯ ಉದ್ದ 100 ಮೀಟರ್ ಮೀರಬಾರದು. ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿಯನ್ನು ಬಳಸಬಾರದು. ಅದರಲ್ಲಿ ವಿದ್ಯುತ್ ನಷ್ಟ ಹಾಗೂ ಬಿಸಿ ಹೆಚ್ಚು.
- ಭೂಸಂಪರ್ಕ ಹಾಗೂ ಹೊರಾಂಗಣದ ತಂತಿಗಳಿಗೆ ಸಿಡಿಲು ನಿರೋಧಕವನ್ನು ಅಳವಡಿಸುವುದು.
- ತಯಾರಕರು ನೀಡಿದ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸುವುದು.
- ಕಾಮಗಾರಿಯನ್ನು ವಹಿಸಿಕೊಳ್ಳುವ ಮುನ್ನ ಒಂದು ರಾತ್ರಿ ಪೂರ್ತಿ ಪರೀಕ್ಷಿಸಿ ನಂತರವೇ ಬಿಲ್ಲನ್ನು ಪಾವತಿಗೆ ಶಿಫಾರಸು ಮಾಡುವುದು.