ಅಂತಿಮ ದಿನಗಳ ಆರೈಕೆ: ಅನ್ನ, ನೀರು ಮತ್ತು ಮಾರ್ಫೀನ್



ನಮ್ಮಲ್ಲಿ ಅನೇಕರ ತಂದೆತಾಯಿಗಳು ಅಮೆರಿಕದಲ್ಲಿಯೇ ನಮ್ಮೊಡನೆ ನೆಲೆಸಿದ್ದಾರೆ. ಅವರ ಕಾಯಿಲೆ ಗುಣವಾಗದ ಹಂತವನ್ನು ತಲುಪಿದಾಗ ವೈದ್ಯರು ‘ಹಾಸ್ಪಿಸ್’ ಎಂಬ ಮಾತೆತ್ತುತ್ತಾರೆ. ‘ಇನ್ನು ಕೈಬಿಟ್ಟರು’ ಎಂದೇ ಮನೆಯವರು ಅದನ್ನು ಭಾವಿಸುವುದುಂಟು. ಆದರೆ ಅಲ್ಲಿ ಬದಲಾಗುವುದು ಚಿಕಿತ್ಸೆಯ ಗುರಿ. ರೋಗವನ್ನು ಗೆಲ್ಲುವ ಪ್ರಯತ್ನವನ್ನು ಬಿಟ್ಟು, ರೋಗಿಯ ನೆಮ್ಮದಿಯನ್ನು ಕಾಯುವ ಕೆಲಸ ಮೊದಲಾಗುತ್ತದೆ.

ನರ್ಸ್ ಆಗಿ ತರಬೇತಿ ಪಡೆದು ಆನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು ಆರಂಭಿಸಿದರು. ನೋವು ಮರುಕಳಿಸುವ ಮೊದಲೇ, ಹೊತ್ತುಹೊತ್ತಿಗೆ ಔಷಧ ಕೊಡಬೇಕೆಂಬುದು ಅವರ ಪದ್ಧತಿಯಾಗಿತ್ತು. ಅಮೆರಿಕದಲ್ಲಿ 1982ರ ಕಾಯಿದೆಯಿಂದ ಈ ಸೇವೆ ಮೆಡಿಕೇರ್‌ನ ವ್ಯಾಪ್ತಿಗೆ ಬಂದಿತು. ರೋಗವು ಸಹಜಗತಿಯಲ್ಲಿ ಸಾಗಿದರೆ ಆಯುಷ್ಯ 6 ತಿಂಗಳು ಅಥವಾ ಅದಕ್ಕೂ ಕಡಿಮೆ ಎಂದು ವೈದ್ಯರು ದೃಢೀಕರಿಸಬೇಕು. ಆ ಅವಧಿ ಮೀರಿದರೆ ಪುನಃ ದೃಢೀಕರಿಸಿ ಮುಂದುವರಿಸಬಹುದು. ರೋಗಿ ಬಯಸಿದಾಗ ಹಾಸ್ಪಿಸನ್ನು ಬಿಟ್ಟು ಹೊರಬರಲೂಬಹುದು. ಮೆಡಿಕೇರ್ ಇಲ್ಲದ ಹಿರಿಯರಿದ್ದರೆ ಅವರ ವಿಮೆಯ ನಿಯಮಗಳನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಊಟದ್ದು. ಗಂಜಿಯನ್ನಾದರೂ ಕುಡಿಸದೆ ಮಗಳಿಗಾಗಲಿ ಸೊಸೆಗಾಗಲಿ ಸಮಾಧಾನವಿರದು. ಆದರೆ ಸಾವು ಸಮೀಪಿಸಿದಂತೆ ಹಸಿವು ತಾನಾಗಿ ಅಡಗುತ್ತದೆ. ಆಹಾರವನ್ನು ಬಳಸಿಕೊಳ್ಳುವ ಶಕ್ತಿಯೂ ದೇಹಕ್ಕೆ ಇರುವುದಿಲ್ಲ. ಒತ್ತಾಯದಿಂದ ಕುಡಿಸಿದ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ಡ್ರಿಪ್ ಹಾಕಿದರೆ ಮೈಯಲ್ಲಿ ನೀರು ತುಂಬಿ ಬಾವು ಹೆಚ್ಚಬಹುದು. ಕೇಳಿದಾಗ ಒಂದು ಚಮಚ ಮಜ್ಜಿಗೆ ಕೊಡುವುದು, ಒದ್ದೆ ಬಟ್ಟೆಯಿಂದ ಬಾಯಿ ಒರೆಸುವುದು ಇವೇ ಆಗ ಸರಿಯಾದ ಉಪಚಾರ. ನುಂಗಲಾರದವರಿಗೆ ತುಳಸಿ ತೀರ್ಥವೂ ತುಟಿ ಒದ್ದೆಯಾಗುವಷ್ಟೇ ಸಾಕು.

ಎರಡನೆಯದು ಮಾರ್ಫೀನಿನ ಭಯ. ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಪರಿಣಾಮವನ್ನು ಗಮನಿಸುತ್ತ ಹೊಂದಿಸಿದ ಮಾರ್ಫೀನ್ ನೋವನ್ನೂ ಉಬ್ಬಸವನ್ನೂ ತಗ್ಗಿಸುತ್ತದೆ. ಅದು ಸಾವನ್ನು ಬರಮಾಡುವ ಮದ್ದಲ್ಲ. ಅದರಿಂದ ಮಲಬದ್ಧತೆಯಾಗುವುದರಿಂದ ಅದಕ್ಕೂ ಜೊತೆಯಲ್ಲೇ ಔಷಧ ಕೊಡುತ್ತಾರೆ. ಮಾತನಾಡಲಾರದ ರೋಗಿಯ ಹುಬ್ಬಿನ ಗಂಟು, ನರಳಿಕೆ, ಉಸಿರಿನ ವೇಗ ಇವನ್ನು ನೋಡಿ ನರ್ಸ್ ನೋವನ್ನು ಅಂದಾಜು ಮಾಡುತ್ತಾರೆ. ಔಷಧವನ್ನು ಏರಿಸಬೇಕೇ, ಇಳಿಸಬೇಕೇ ಎಂಬ ವೈದ್ಯರ ತೀರ್ಮಾನಕ್ಕೆ ಈ ವರದಿಯೇ ಆಧಾರ.

ಇಲ್ಲಿ ನಮ್ಮ ಹೊಣೆಯೊಂದಿದೆ. ನಮ್ಮ ಹಿರಿಯರು ನೋವಿದ್ದರೂ ‘ಪರವಾಗಿಲ್ಲ’ ಎನ್ನುತ್ತಾರೆ. ಕನ್ನಡ ಬಾರದ ನರ್ಸ್‌ಗೆ ನಾವು ಅದನ್ನು ‘ನೋವಿಲ್ಲ’ ಎಂದು ಅನುವಾದಿಸಿದರೆ ಆ ರಾತ್ರಿ ಅವರು ನರಳಬೇಕಾಗುತ್ತದೆ. ‘ಪರವಾಗಿಲ್ಲವೆಂದರೆ ಎಷ್ಟು, ಅಮ್ಮಾ? ಮಗ್ಗುಲಾದರೆ ನೋಯುತ್ತದೆಯೇ?’ ಎಂದು ಮತ್ತೊಮ್ಮೆ ಕೇಳಿ, ಉತ್ತರವನ್ನು ಇದ್ದಂತೆಯೇ ತಿಳಿಸಬೇಕು.

ಅಪರಾತ್ರಿಯಲ್ಲಿ ಉಸಿರಾಟ ಬದಲಾದಾಗ ಗಾಬರಿಯಿಂದ 911ಕ್ಕೆ ಕರೆ ಮಾಡುವುದು ಸಹಜ. ಪುನಶ್ಚೇತನ ಬೇಡವೆಂಬ ವೈದ್ಯರ ಸಹಿಯುಳ್ಳ ಆದೇಶ ಕೈಯಲ್ಲಿಲ್ಲದಿದ್ದರೆ ಬಂದವರು ಸಾಮಾನ್ಯವಾಗಿ ಎದೆಯೊತ್ತಿ ಆಸ್ಪತ್ರೆಗೆ ಒಯ್ಯುತ್ತಾರೆ. ಆದುದರಿಂದ ಆ ಪತ್ರವನ್ನು ಕಣ್ಣಿಗೆ ಕಾಣುವಲ್ಲಿಡಿ. ದಿನದ 24 ಗಂಟೆಯೂ ದೊರೆಯುವ ಹಾಸ್ಪಿಸ್ ನರ್ಸ್‌ಗೆ ಮೊದಲು ಕರೆ ಮಾಡಿ.

ಇವೆಲ್ಲವನ್ನೂ ಹಿರಿಯರಿಗೆ ಮಾತಿನ ಶಕ್ತಿಯಿರುವಾಗಲೇ ಅವರೊಡನೆ ಕನ್ನಡದಲ್ಲಿ ಚರ್ಚಿಸುವುದು ಲೇಸು. ತಮ್ಮ ಪರವಾಗಿ ನಿರ್ಧರಿಸುವವರು ಯಾರೆಂಬುದನ್ನು ಅವರೇ ಹೇಳಲಿ, ಅದು ಕಾಗದದ ಮೇಲೂ ಬರಲಿ. ಊರಿನಲ್ಲಿರುವ ಒಡಹುಟ್ಟಿದವರೂ ದೂರವಾಣಿಯಲ್ಲಿ ಆ ಮಾತನ್ನು ಕೇಳಿಸಿಕೊಳ್ಳಲಿ. ಆಗ ‘ಅಣ್ಣ ಅಪ್ಪನಿಗೆ ಊಟ ಹಾಕಲಿಲ್ಲ’ ಎಂಬ ನಿಷ್ಠುರಕ್ಕೆ ಅವಕಾಶವಿರದು.