ಗರ್ಭದ ಹೊಣೆ ಯಾರದು?

ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ಜನ್ಮ, ದೀಕ್ಷೆ, ಕೇವಲಜ್ಞಾನ, ಮೋಕ್ಷಗಳಿಗಿಂತ ಮೊದಲು, ತಾಯಿಯು ಹದಿನಾರು ಶುಭಸ್ವಪ್ನಗಳನ್ನು ಕಂಡ ರಾತ್ರಿಯನ್ನೇ ನಾವು ಮಂಗಲವೆಂದು ಪೂಜಿಸುತ್ತೇವೆ. ಗರ್ಭದಲ್ಲಿರುವುದೂ ಜೀವವೇ ಎಂಬುದರಲ್ಲಿ ಜೈನಧರ್ಮಕ್ಕೆ ಸಂದೇಹವಿಲ್ಲ.

ಕೆಲವು ವರ್ಷಗಳ ಹಿಂದೆ ಬಮ್ಮಿಗಟ್ಟಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ತೊಡೆಯ ಮೇಲೆ ಎಂಟು ತಿಂಗಳ ಕೂಸು. ಮತ್ತೆ ಗರ್ಭ ನಿಂತಿತ್ತು. ಗಂಡ ಗರ್ಭನಿರೋಧದ ಯಾವ ಉಪಾಯಕ್ಕೂ ಒಪ್ಪಿರಲಿಲ್ಲ. ‘ತೆಗೆಸಿದರ ಪಾಪ ನನಗಷ್ಟ ಹತ್ತತೈತೇನ್ರಿ, ಅಕ್ಕೋರ?’ ಎಂದಳು. ಮೂವತ್ತು ವರ್ಷ ಪಾಠ ಹೇಳಿದ ನನ್ನಲ್ಲಿ ಅಂದು ಉತ್ತರವಿರಲಿಲ್ಲ.

ಉತ್ತರ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿದೆ. ಪ್ರಮಾದದಿಂದ, ಅಂದರೆ ರಾಗದ್ವೇಷಗಳಿಗೆ ವಶವಾಗಿ ಎಚ್ಚರ ತಪ್ಪಿ, ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆ ಎನ್ನುತ್ತದೆ ಆ ಗ್ರಂಥ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಮೂರೂ ಕರ್ಮಬಂಧಕ್ಕೆ ಕಾರಣ. ಹಾಗಾದರೆ ಲೆಕ್ಕ ಆಸ್ಪತ್ರೆಯ ಬಾಗಿಲಲ್ಲಿ ಆರಂಭವಾಗುವುದಿಲ್ಲ. ಗಂಡನ ಅಜಾಗರೂಕತೆಯಲ್ಲಿ, ಅತ್ತೆಮಾವಂದಿರ ಒತ್ತಾಯದಲ್ಲಿ ಆಗಲೇ ಆರಂಭವಾಗಿರುತ್ತದೆ.

1209ರಲ್ಲಿ ಜನ್ನ ಕವಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಭವಭವಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಗೇ ಅಷ್ಟು ಫಲವಾದರೆ, ಹೆಣ್ಣೆಂಬ ಒಂದೇ ಕಾರಣಕ್ಕೆ ಗರ್ಭವನ್ನು ಅಳಿಸುವ ಸಂಕಲ್ಪಕ್ಕೆ ಎಷ್ಟು? ಲಿಂಗಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಈ ಕೃತ್ಯ ನಡೆಸುತ್ತಿದ್ದುದು ಬಯಲಾಯಿತು. ಬೆಲ್ಲ ಕಾಯಿಸುವ ಸ್ಥಳದಲ್ಲಿ ವಿಷ!

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಸಂಗವೂ ಇದೆ. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ ಮೃತಪಟ್ಟರು. ಹದಿನೇಳು ವಾರಗಳ ಗರ್ಭ ಉಳಿಯುವ ಸಾಧ್ಯತೆಯಿರಲಿಲ್ಲ. ಆದರೂ ಭ್ರೂಣದ ಎದೆಬಡಿತವಿದೆಯೆಂದು ಗರ್ಭಪಾತಕ್ಕೆ ಒಪ್ಪಲಿಲ್ಲ. ಸೋಂಕು ಏರಿತು, ತಾಯಿಯೂ ಉಳಿಯಲಿಲ್ಲ. ತಾಯಿಯೂ ಪಂಚೇಂದ್ರಿಯ ಜೀವವೇ ಎಂಬುದನ್ನು ಮರೆತರೆ ಅಹಿಂಸೆ ಬರಿಯ ನಿಯಮವಾಗುತ್ತದೆ, ದಯೆಯಾಗುವುದಿಲ್ಲ. ತಾಯಿಯ ಪ್ರಾಣ ಉಳಿಸಲು ಕೈಯಿಕ್ಕಿದ ವೈದ್ಯನಲ್ಲಿ ಕೊಲ್ಲುವ ಸಂಕಲ್ಪವಿಲ್ಲ.

ನಮ್ಮ ದೇಶದ 1971ರ ಕಾಯ್ದೆ ನಿಗದಿತ ಕಾರಣಗಳಿಗೆ ವೈದ್ಯಕೀಯ ಗರ್ಭಪಾತಕ್ಕೆ ಅವಕಾಶ ಕೊಟ್ಟಿದೆ. ಕಾನೂನು ಅವಕಾಶ ಕೊಡುತ್ತದೆ. ಧರ್ಮವು ಆ ಸಂದರ್ಭವೇ ಬಾರದಂತೆ ಬಾಳಲು ಹೇಳುತ್ತದೆ. ಸಂಯಮವೇ ಶ್ರೇಷ್ಠ. ಅದು ಪೂರ್ಣವಾಗಿ ಸಾಧ್ಯವಾಗದ ಗೃಹಸ್ಥನಿಗೆ ಗರ್ಭ ನಿಂತ ಮೇಲೆ ಅಳಿಸುವುದಕ್ಕಿಂತ ನಿಲ್ಲದಂತೆ ಮೊದಲೇ ತಡೆಯುವುದು ಎಷ್ಟೋ ಮೇಲು. ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಸಂತಾನನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶವಿತ್ತ ನಾಡು ನಮ್ಮದು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸಾಧನಗಳು ಉಚಿತ. ಪುರುಷರ ಶಸ್ತ್ರಚಿಕಿತ್ಸೆ ಸ್ತ್ರೀಯರದಕ್ಕಿಂತ ಸರಳ. ಆದರೂ ಹಳ್ಳಿಯಲ್ಲಿ ‘ಆಪರೇಷನ್’ ಎಂದರೆ ಹೆಂಗಸರದೇ ಪಾಳಿ! ಸ್ವದಾರಸಂತೋಷ ವ್ರತವೆಂದರೆ ಪರಸ್ತ್ರೀಯನ್ನು ಬಯಸದಿರುವುದಷ್ಟೇ ಅಲ್ಲ, ತನ್ನ ಹೆಂಡತಿಯ ದೇಹದ ದಣಿವನ್ನು ಅರಿಯುವುದೂ ಹೌದೆಂದು ನಾನು ತಿಳಿಯುತ್ತೇನೆ.

ಅಂದು ನಾನು ಆ ಮಗಳ ಗಂಡನನ್ನು ಕರೆಸಬೇಕಾಗಿತ್ತು. ಕರೆಸಲಿಲ್ಲ, ಅದು ನನ್ನ ಪ್ರಮಾದ. ದಶಲಕ್ಷಣ ಪರ್ವದ ಕೊನೆಯ ದಿನ ಉತ್ತಮ ಬ್ರಹ್ಮಚರ್ಯದ್ದು. ಆ ದಿನ ಗೃಹಸ್ಥ ಪುರುಷರು ಒಂದು ನಿಯಮ ಹಿಡಿಯಲಿ: ಗರ್ಭದ ಹೊಣೆಯಲ್ಲಿ ಅರ್ಧ ತನ್ನದು. ಆಗ ಯಾವ ಹೆಣ್ಣುಮಗಳೂ ‘ಪಾಪ ನನಗಷ್ಟೇನ್ರಿ?’ ಎಂದು ಕೇಳಬೇಕಾಗುವುದಿಲ್ಲ.